ಪೆಡಲ್ ಸೌಂಡ್ ಕೆಟ್ಟಿದೆ ಅಂದ್ರೆ ಕೆಟ್ಟಿರೋದು ಯಾವ ಪಾರ್ಟು? ಕೊಡಗಿನ ಹುಡುಗರಿಗೊಂದು ದೋಷ ನಿವಾರಣೆ ಕೈಪಿಡಿ

ಜೂನಲ್ಲಿ ಮಳೆ ಹಿಡೀತು ಅಂದ್ರೆ ನಮ್ಮ ಕಡೆ ಚರ್ಮದ ಬೆಲ್ಟು, ಚಪ್ಪಲಿ, ಗೋಡೆಗೆ ತಗಲಾಕಿರೋ ಫೋಟೋ ಎಲ್ಲದಕ್ಕೂ ಬೂಷ್ಟು, ಗಿಟಾರಿಗೂ ಆಂಪಿಗೂ ನಡುವೆ ಕೂತು ಸೌಂಡ್ ಬದಲಾಯಿಸೋ ಡಬ್ಬಿ, ಅಂದ್ರೆ ಗಿಟಾರ್ ಪೆಡಲ್, ಒಂದು ಬಿಟ್ಟು ಹೋಗತ್ತಾ? ಜ್ಯಾಕ್ ಹಸಿರಾಗತ್ತೆ, ನಾಬ್ ತಿರುಗಿಸಿದ್ರೆ ಕರಕರ, ಸ್ವಿಚ್ ಒತ್ತಿದ್ರೆ ಒಂದ್ಸಲ ಬರತ್ತೆ ಒಂದ್ಸಲ ಇಲ್ಲ. ಆಮೇಲೆ ಹುಡುಗರು ಮಾಡೋ ಮೊದಲ ಕೆಲಸ ಏನಪ್ಪಾ ಅಂದ್ರೆ ಯೂಟ್ಯೂಬ್ ನೋಡಿ ಒಳಗಿರೋ ಐಸಿ (ಸಿಗ್ನಲ್ ದೊಡ್ಡದು ಮಾಡೋ ಎಂಟು ಕಾಲಿನ ಚಿಪ್) ಬದಲಾಯಿಸೋದು, ಅದೂ ಆನ್‌ಲೈನಲ್ಲಿ ದುಬಾರಿ ಕೊಟ್ಟು ತರಿಸಿ. ಸೌಂಡ್ ಹಂಗೇ ಇರತ್ತೆ. ಯಾಕಂದ್ರೆ ಹತ್ತಕ್ಕೆ ಒಂಬತ್ತು ಸಲ ತಪ್ಪು ಐಸಿದಲ್ಲ, ಅದರ ಅಕ್ಕಪಕ್ಕ ಕೂತಿರೋ ಐವತ್ತು ಪೈಸೆ ರೆಸಿಸ್ಟರ್, ಎರಡು ರೂಪಾಯಿ ಕೆಪಾಸಿಟರ್‌ದು. ಪೆಡಲ್ ಸೌಂಡ್ ಅಂತ ನಾವು ಏನು ಕರೀತೀವೋ ಅದನ್ನ ಕೆತ್ತೋದು ಅವೇ, ಹಂಗಾಗಿ ಸೌಂಡಲ್ಲಿ ಏನು ಕಮ್ಮಿ ಆಗಿದೆ ಅಂತ ಕಿವಿ ಕೊಟ್ಟು ಕೇಳಿದ್ರೆ ಯಾವ ಪಾರ್ಟಿನ ಮೇಲೆ ಡೌಟು ಪಡ್ಬೇಕು ಅನ್ನೋದು ಅರ್ಧ ಗೊತ್ತಾಗಿಬಿಡತ್ತೆ. ಉಳಿದ ಅರ್ಧಕ್ಕೆ ಮಲ್ಟಿಮೀಟರ್ ಇದೆ.

ಉದಾಹರಣೆಗೆ ಟ್ಯೂಬ್ ಸ್ಕ್ರೀಮರ್ ಸರ್ಕ್ಯೂಟನ್ನೇ ಇಟ್ಕೊಳ್ತೀನಿ. ಐಬನೆಜ್‌ನವರು 1970ರ ದಶಕದ ಕೊನೆಗೆ ತಂದ ಟಿಎಸ್808ದು ಇದು, ಆಮೇಲೆ ಬಂದ, ಸೌಂಡಿಗೆ ಒರಟುತನ ತರೋ ಓವರ್‌ಡ್ರೈವ್ ಪೆಡಲ್‌ಗಳಲ್ಲಿ ಎಷ್ಟೋ ಇದರ ಮಕ್ಕಳು ಮೊಮ್ಮಕ್ಕಳೇ, ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಹುಡುಗರು ಕಿಟ್ ತರಿಸಿ ಮನೇಲೇ ಜೋಡಿಸೋದೂ ಹೆಚ್ಚಾಗಿ ಇದನ್ನೇ. ಇದು ಒಂದು ಅರ್ಥ ಆದ್ರೆ ಬೇರೇದು ಕಷ್ಟ ಆಗಲ್ಲ.

ಬಿಚ್ಚೋಕೆ ಮುಂಚೆ

ಪೆಡಲ್ ತೆಗೆದು ಗಿಟಾರನ್ನ ನೇರ ಆಂಪಿಗೆ ಚುಚ್ಚಿ. ಆಗಲೂ ಮಂಕು, ಆಗಲೂ ಗುಂಯ್ ಅಂದ್ರೆ ಪೆಡಲನ್ನ ಬೈಬೇಡಿ. ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರತ್ತೆ, ಟ್ರೂ ಬೈಪಾಸ್ (ಆಫ್ ಮಾಡಿದಾಗ ಸಿಗ್ನಲನ್ನ ನೇರ ದಾಟಿಸೋ) ಪೆಡಲ್‌ಗಳನ್ನೇ ಸಾಲಾಗಿ ಇಟ್ಟು ಉದ್ದುದ್ದ ಕೇಬಲ್ ಹಾಕಿದ್ರೆ ಪೆಡಲ್ ಆಫ್ ಇದ್ರೂ ಟ್ರೆಬಲ್ ಹೋಗತ್ತೆ, ಅದು ದೋಷ ಅಲ್ಲ, ಒಂದು ಬಫರ್ (ಸಿಗ್ನಲ್ಲಿಗೆ ಬಲ ಕೊಡೋ ಸಣ್ಣ ಸರ್ಕ್ಯೂಟ್) ಇಟ್ರೆ ಸರಿ ಹೋಗತ್ತೆ.

ಗುಂಯ್ ಅನ್ನೋ ಶಬ್ದಕ್ಕೆ ಮೊದಲು ಅಡಾಪ್ಟರ್ ಕಿತ್ತು 9 ವೋಲ್ಟ್ ಬ್ಯಾಟರಿ ಹಾಕಿ ನೋಡಿ. ಶಬ್ದ ನಿಂತ್ರೆ ಪೆಡಲ್ ಸರಿ ಇದೆ, ಕರೆಂಟೇ ಗಲೀಜು. ನಮ್ಮಲ್ಲಿ ಇದಕ್ಕೊಂದು ಖಾಸಾ ಕಾರಣ ಇದೆ, ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ್ರೆ ತೋಟದ ಮನೆಗಳಲ್ಲಿ ದಿನಗಟ್ಟಲೆ ಇನ್ವರ್ಟರೇ ಗತಿ, ಹಳೇ ಇನ್ವರ್ಟರ್‌ಗಳು ಸ್ಕ್ವೇರ್ ವೇವ್ ಕೊಡ್ತವೆ, ಫ್ಯಾನೇ ಗುಂಯ್ ಅನ್ನೋವಾಗ ಡ್ರೈವ್ ಪೆಡಲ್ ಸುಮ್ನಿರತ್ತಾ. ಒಂದೇ ಅಡಾಪ್ಟರಿಂದ ಡೇಸಿ ಚೈನ್ ಹಾಕಿ ಡಿಜಿಟಲ್ ಡಿಲೇ ಜೊತೆ ಡ್ರೈವ್ ಓಡಿಸಿದ್ರೂ ಕೀಂ ಅನ್ನತ್ತೆ. ಅಡಾಪ್ಟರ್ ಪಿನ್ನಿನ ಒಳಗಡೆ ನೆಗೆಟಿವ್, ಹೊರಗಡೆ ಪಾಸಿಟಿವ್ ಇರ್ಬೇಕು, ಹೆಚ್ಚಿನ ಪೆಡಲ್‌ಗಳಿಗೆ ಇದೇ ನಿಯಮ. ಮನೇಲಿದ್ದ ರೂಟರ್ ಅಡಾಪ್ಟರ್ ಚುಚ್ಚಿದ್ದೀರ ಅಂದ್ರೆ ಒಳಗೆ ಸಪ್ಲೈ ಪಕ್ಕದಲ್ಲೇ ಇರೋ 1ಎನ್4001 ಡಯೋಡನ್ನ ಮೊದಲು ನೋಡಿ, ಉಲ್ಟಾ ವೋಲ್ಟೇಜ್ ಬಂದಾಗ ಬಾಕಿಯವರನ್ನ ಉಳಿಸೋಕೆ ತಾನು ಶಾರ್ಟ್ ಆಗಿ ಸಾಯೋದೇ ಅದರ ಕೆಲಸ.

ವೋಲ್ಟೇಜ್ ಏನು ಹೇಳತ್ತೆ

ಪೆಡಲ್ ಆನ್ ಮಾಡಿ ಮೀಟರನ್ನ ಡಿಸಿ 20 ವೋಲ್ಟಿಗೆ ಇಟ್ಟು ಕಪ್ಪು ವೈರನ್ನ ಗ್ರೌಂಡಿಗೆ, ಅಂದ್ರೆ ಜ್ಯಾಕಿನ ಹೊರ ಭಾಗಕ್ಕೆ ಹಿಡೀರಿ. ಬ್ಯಾಟರೀಲಿ ಓಡಿಸೋದಾದ್ರೆ ಇನ್‌ಪುಟ್ ಜ್ಯಾಕಿಗೆ ಕೇಬಲ್ ಚುಚ್ಚಿದ್ರೆ ಮಾತ್ರ ಪವರ್ ಬರೋದು, ಬ್ಯಾಟರಿ ನೆಗೆಟಿವ್ ಹೋಗೋದು ಆ ಸ್ಟೀರಿಯೋ ಜ್ಯಾಕ್ ಮೂಲಕ. ಡೆಡ್ ಪೆಡಲ್ ಅಂತ ತಂದಿದ್ದರಲ್ಲಿ ಆ ಜ್ಯಾಕಿನ ಪತ್ತಿ ಸಡಿಲ ಆಗಿರೋದೇ ಜಾಸ್ತಿ. ಜೀಪಿನ ಹಿಂದೆ ಹಾಕ್ಕೊಂಡು ತೋಟದ ರೋಡಲ್ಲಿ ಕುಲುಕಿಸ್ಕೊಂಡು ಹೋದ್ರೆ ಬೋರ್ಡಿಗೇ ಕೂರಿಸಿರೋ ಜ್ಯಾಕಿನ ಸೋಲ್ಡರ್ ಬಿರುಕು ಬಿಡದೆ ಇನ್ನೇನಾಗತ್ತೆ.

ಐಸಿ 4558 ಆದ್ರೆ 8ನೇ ಕಾಲಲ್ಲಿ 9 ವೋಲ್ಟ್ ಹತ್ರ, 4ನೇ ಕಾಲಲ್ಲಿ ಸೊನ್ನೆ, ಉಳಿದ ಆರು ಕಾಲಲ್ಲೂ ಸುಮಾರು 4.5 ಇರ್ಬೇಕು. ಈ ನಾಲ್ಕೂವರೆ ಎಲ್ಲಿಂದ ಬರತ್ತೆ ಅಂದ್ರೆ ಎರಡು 10ಕೆ (10 ಸಾವಿರ ಓಮ್) ರೆಸಿಸ್ಟರ್ 9 ವೋಲ್ಟನ್ನ ಸರಿಯಾಗಿ ಅರ್ಧ ಮಾಡ್ತವೆ, ಅದು ಅಲ್ಲಾಡದೇ ನಿಲ್ಲಲಿ ಅಂತ ಒಂದು 47 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಗಿಟಾರ್ ಸಿಗ್ನಲ್ ಮೇಲೂ ಹೋಗ್ಬೇಕು ಕೆಳಗೂ ಹೋಗ್ಬೇಕಲ್ಲ, ನಡುಮಧ್ಯೆ ನಿಲ್ಲಿಸಿದ್ರೆ ಎರಡೂ ಕಡೆ ಜಾಗ ಇರತ್ತೆ. ಒಂದು 10ಕೆ ಬಿಟ್ಟೋದ್ರೆ ಎಲ್ಲಾ ಕಾಲೂ ಸೊನ್ನೆಗೋ ಒಂಬತ್ತಕ್ಕೋ ಹೋಗಿ ಅಂಟ್ಕೊಳ್ಳತ್ತೆ, ಸೌಂಡ್ ಪೂರ್ತಿ ಇಲ್ಲ, ಇಲ್ಲಾಂದ್ರೆ ಜೋರಾಗಿ ಬಾರಿಸಿದಾಗ ಮಾತ್ರ ಪರ್ರ್ ಅಂದು ಸುಮ್ಮನಾಗತ್ತೆ. ಆ 47 ಮೈಕ್ರೋ ಒಣಗಿದ್ರೆ ವೋಲ್ಟೇಜ್ ಸರಿಯಾಗೇ ತೋರಿಸತ್ತೆ ಆದ್ರೆ ಅಡಾಪ್ಟರ್ ಗುಂಯ್ ಎಲ್ಲಾ ಬಯಾಸ್ ಲೈನಲ್ಲಿ, ಅಂದ್ರೆ ಆ 4.5 ವೋಲ್ಟ್ ಲೈನಲ್ಲಿ, ನುಗ್ಗಿ ಹತ್ತಾರು ಪಟ್ಟು ಆಂಪ್ಲಿಫೈ ಆಗಿ ಬರತ್ತೆ. ಅದೇ ಬೆಲೆಯ ಇನ್ನೊಂದನ್ನ ಪ್ಲಸ್ ಮೈನಸ್ ನೋಡಿ ಅದರ ಮೇಲೇ ತಾತ್ಕಾಲಿಕವಾಗಿ ಹಿಡಿದ್ರೆ ತಕ್ಷಣ ಗೊತ್ತಾಗತ್ತೆ.

ಇಲ್ಲೊಂದು ಮೋಸ ಇದೆ. ಹಳದಿ ಬಣ್ಣದ ಅಗ್ಗದ 830 ಮಾಡೆಲ್ ಮೀಟರ್ ಎಲ್ಲರ ಮನೇಲೂ ಇರತ್ತೆ, ಅದರ ಇನ್‌ಪುಟ್ ರೆಸಿಸ್ಟೆನ್ಸ್ ಸಾಮಾನ್ಯವಾಗಿ 1 ಮೆಗಾ ಓಮ್ ಅಷ್ಟೇ. ಇನ್‌ಪುಟ್ ಟ್ರಾನ್ಸಿಸ್ಟರ್‌ಗೆ 4.5 ವೋಲ್ಟ್ ಬರೋದು 510ಕೆ ಮೂಲಕ, ಅಲ್ಲಿ ಈ ಮೀಟರ್ ಇಟ್ರೆ ಮೀಟರೇ ಕರೆಂಟ್ ಕುಡಿದು 3 ವೋಲ್ಟ್ ಹತ್ರ ತೋರಿಸತ್ತೆ. ಅದನ್ನ ನೋಡಿ ಟ್ರಾನ್ಸಿಸ್ಟರ್ ಕಿತ್ತು ಹಾಕ್ಬೇಡಿ. 10 ಮೆಗಾ ಮೀಟರಲ್ಲಾದ್ರೆ ಹೆಚ್ಚು ಕಮ್ಮಿ ಸರಿ ಬರತ್ತೆ.

ಸಿಗ್ನಲ್ ಎಲ್ಲಿ ಸತ್ತಿದೆ

ವೋಲ್ಟೇಜ್ ಸರಿ ಇದ್ದೂ ಸೌಂಡ್ ಇಲ್ಲ ಅಂದ್ರೆ ಆಡಿಯೋ ಪ್ರೋಬ್ ಮಾಡ್ಕೊಳ್ಳಿ. ಹಳೇ ಗಿಟಾರ್ ಕೇಬಲ್ ಒಂದು ತುದಿ ಕತ್ತರಿಸಿ ಒಳಗಿನ ತಂತಿಗೆ 104 ಅಂತ ಬರೆದಿರೋ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದು, ಹೊರಗಿನ ಜಾಲರಿಗೆ ಒಂದು ಕ್ರೊಕೊಡೈಲ್ ಕ್ಲಿಪ್ ಹಾಕಿ ಗ್ರೌಂಡಿಗೆ ಕಚ್ಚಿಸಿ, ಇನ್ನೊಂದು ತುದಿ ಆಂಪಿಗೆ. ಕೆಪಾಸಿಟರ್ ಯಾಕೆ ಅಂದ್ರೆ ಡಿಸಿ ಆಂಪಿಗೆ ಹೋಗಬಾರದು. ಆಂಪ್ ವಾಲ್ಯೂಮ್ ಕಮ್ಮಿ ಇಡಿ. ಪೆಡಲ್ ಇನ್‌ಪುಟ್ಟಿಗೆ ಫೋನಿಂದ ಯಾವುದಾದ್ರೂ ಹಾಡು ಸಣ್ಣಗೆ ಬಿಟ್ಟು, ಕೆಪಾಸಿಟರ್ ಕಾಲನ್ನ ಇನ್‌ಪುಟ್ ಜ್ಯಾಕಿಂದ ಶುರು ಮಾಡಿ ಒಂದೊಂದೇ ಪಾರ್ಟಿಗೆ ಮುಟ್ಟಿಸ್ತಾ ಮುಂದೆ ಹೋಗಿ. ಕೆಪಾಸಿಟರಿನ ಒಂದು ಕಡೆ ಹಾಡು ಇದೆ, ಇನ್ನೊಂದು ಕಡೆ ಇಲ್ಲ ಅಂದ್ರೆ ಅಲ್ಲೇ ಕಳ್ಳ. ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಪಕ್ಕದಲ್ಲಿರಲಿ, ಇಲ್ಲದಿದ್ರೆ ದಾರಿ ತಪ್ಪತ್ತೆ.

ಕಿವಿ ಹೇಳೋದು, ಪಾರ್ಟು ಮಾಡಿದ್ದು

ಈಗ ಮುಖ್ಯ ವಿಷಯ. ಸೌಂಡ್ ಬರ್ತಿದೆ, ಆದ್ರೆ ಸರಿ ಇಲ್ಲ. ಇಂಥದ್ದೇ ಹೆಚ್ಚು ತಲೆ ತಿನ್ನೋದು, ಯಾಕಂದ್ರೆ ಪಾರ್ಟೆಲ್ಲ ಜೀವಂತ ಇರ್ತವೆ, ಬೆಲೆ ಮಾತ್ರ ತಪ್ಪು.

ಟ್ಯೂಬ್ ಸ್ಕ್ರೀಮರಲ್ಲಿ ಐಸಿಯ ಮೊದಲ ಅರ್ಧದ (4558 ಒಳಗೆ ಎರಡು ಆಂಪ್ ಇರ್ತವೆ) ಸುತ್ತ ಒಂದು 4.7ಕೆ ರೆಸಿಸ್ಟರ್, ಅದರ ಜೊತೆಗೇ ಗ್ರೌಂಡ್ ಕಡೆ ಹೋಗೋ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಮೇಲ್ಗಡೆ 51ಕೆ ರೆಸಿಸ್ಟರ್ ಜೊತೆ 500ಕೆ ಡ್ರೈವ್ ಪಾಟ್ (ನಾಬ್ ಕೆಳಗಿರೋ ತಿರುಗಿಸೋ ರೆಸಿಸ್ಟರ್), ಅದಕ್ಕೆ ಅಡ್ಡ 51 ಪಿಕೋಫ್ಯಾರಡ್ ಮತ್ತು ಎರಡು ಡಯೋಡ್. ಈ ಪೆಡಲ್ಲಿನ ಹೆಸರು, ಮಾನ, ಮರ್ಯಾದೆ ಎಲ್ಲಾ ಇಷ್ಟರಲ್ಲೇ ಇದೆ. ಡ್ರೈವ್ ಪೂರ್ತಿ ತಿರುಗಿಸಿದಾಗ ಗೇನ್, ಅಂದ್ರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗತ್ತೆ ಅನ್ನೋದು, ಎಷ್ಟು ಅಂದ್ರೆ 551ನ್ನ (500 ಮತ್ತು 51 ಸೇರಿ) 4.7ರಿಂದ ಭಾಗಿಸಿ ಒಂದು ಕೂಡಿಸಿ, ಸುಮಾರು 118 ಪಟ್ಟು. ಪೂರ್ತಿ ಇಳಿಸಿದ್ರೂ 12 ಪಟ್ಟು ಇದ್ದೇ ಇರತ್ತೆ. ಆದ್ರೆ ಈ ಗೇನ್ ಎಲ್ಲಾ ಸ್ವರಕ್ಕೂ ಸಿಗಲ್ಲ, 4.7ಕೆ ಮತ್ತು 0.047 ಸೇರಿ 720 ಹರ್ಟ್ಸ್ ಹತ್ರ ಒಂದು ಗೆರೆ ಎಳೀತವೆ, ಅದರ ಕೆಳಗಿನ ಬೇಸ್‌ಗೆ ಗೇನ್ ಇಳೀತಾ ಹೋಗತ್ತೆ. ಬೇಸ್ ಕಮ್ಮಿ ಕ್ಲಿಪ್ ಆಗತ್ತೆ (ಅಲೆಯ ತಲೆ ಚಪ್ಪಟೆಯಾಗೋದೇ ಕ್ಲಿಪ್), ಮಧ್ಯದ ಸ್ವರ ಮುಂದೆ ಬರತ್ತೆ. ಈ ಪೆಡಲ್ ಮೂಗಲ್ಲಿ ಹಾಡತ್ತೆ ಅಂತಾರಲ್ಲ, ಕಾರಣ ಇಲ್ಲೇ.

ಈಗ ಕಿಟ್ ಜೋಡಿಸೋವಾಗ 4.7ಕೆ ಜಾಗಕ್ಕೆ 47ಕೆ ಕೂತಿದೆ ಅನ್ಕೊಳ್ಳಿ. ಒಂದು ಪರ್ಸೆಂಟ್ ನೀಲಿ ರೆಸಿಸ್ಟರಲ್ಲಿ ಎರಡಕ್ಕೂ ಹಳದಿ ನೇರಳೆ ಕಪ್ಪು ಆದ್ಮೇಲೆ ಒಂದು ಪಟ್ಟಿ ಮಾತ್ರ ಬೇರೆ, ಕಂದು ಅಥವಾ ಕೆಂಪು, ಆ ನೀಲಿ ಮೈ ಮೇಲೆ ಟ್ಯೂಬ್‌ಲೈಟ್ ಬೆಳಕಲ್ಲಿ ಎರಡೂ ಒಂದೇ ಥರ ಕಾಣತ್ತೆ. ಗೇನ್ 118ರಿಂದ 13ಕ್ಕಿಂತ ಕೆಳಗೆ ಬಿತ್ತು, ಆ 720 ಹರ್ಟ್ಸ್ ಗೆರೆ 72ಕ್ಕೆ ಇಳೀತು. ಕೇಳೋಕೆ ಹೆಂಗಿರತ್ತೆ ಅಂದ್ರೆ ಡ್ರೈವ್ ಪೂರ್ತಿ ತಿರುಗಿಸಿದ್ರೂ ಸ್ವಲ್ಪ ಕೊಳೆ ಅಷ್ಟೇ, ಜೊತೆಗೆ ಬೇಸ್ ದಪ್ಪ. ಗೇನ್ ಕಮ್ಮಿ ಪ್ಲಸ್ ಬೇಸ್ ಜಾಸ್ತಿ, ಎರಡೂ ಒಟ್ಟಿಗೆ ಕಂಡ್ರೆ ರೆಸಿಸ್ಟರ್. ಗೇನ್ ಸರಿ ಇದ್ದು ಬೇಸ್ ಮಾತ್ರ ಕೆಸರಾಗಿ, ಕಾರ್ಡ್ ಬಾರಿಸಿದ್ರೆ ಯಾವ ತಂತಿ ಯಾವುದು ಗೊತ್ತಾಗಲ್ಲ ಅಂದ್ರೆ ಕೆಪಾಸಿಟರ್, 473 (0.047 ಮೈಕ್ರೋ) ಇರೋ ಕಡೆ 474 (0.47 ಮೈಕ್ರೋ) ಹಾಕಿದಾರೆ. ಅದೇ ಆಟ ಇನ್‌ಪುಟ್ಟಲ್ಲೂ ನಡೆಯತ್ತೆ, 223 (0.022 ಮೈಕ್ರೋ) ಹಾಕೋ ಕಡೆ 221 (220 ಪಿಕೋ) ಹಾಕಿದ್ರೆ 510ಕೆ ಜೊತೆ ಸೇರಿ 1400 ಹರ್ಟ್ಸ್ ಕೆಳಗಿಂದೆಲ್ಲಾ ಸೋರಿ ಹೋಗಿ ಫೋನ್ ಸ್ಪೀಕರಲ್ಲಿ ಕೇಳ್ದಂಗೆ ಚೀಂ ಅನ್ನತ್ತೆ.

ಸೌಂಡ್ ಮಂಕಾಗಿದ್ರೆ ಆ 51 ಪಿಕೋಫ್ಯಾರಡ್ ನೋಡಿ. ಅದರ ಮೇಲೆ 510 ಅಂತ ಬರೆದಿರಬಹುದು, ಅದು ಐನೂರ ಹತ್ತು ಅಲ್ಲ, 51ರ ಮುಂದೆ ಸೊನ್ನೆ ಇಲ್ಲ ಅಂತ ಅರ್ಥ. ನಿಜವಾದ 510 ಪಿಕೋ ಮೇಲೆ 511 ಇರತ್ತೆ. ಅಂಗಡಿಯವನಿಗೆ ಐನೂರ ಹತ್ತು ಕೊಡಿ ಅಂದ್ರೆ ಅವನು ಕೊಟ್ಟೇ ಕೊಡ್ತಾನೆ, ಆಮೇಲೆ ಡ್ರೈವ್ ಏರಿಸಿದಷ್ಟೂ ಟ್ರೆಬಲ್ ಮಾಯ. ಗುರುತು ಇದೇ, ಡ್ರೈವ್ ಕಮ್ಮಿ ಇದ್ದಾಗ ಪರವಾಗಿಲ್ಲ, ಏರಿಸಿದ್ರೆ ಮಂಕು. ಡ್ರೈವ್ ಎಲ್ಲಿದ್ರೂ ಟೋನ್ ಎಲ್ಲಿದ್ರೂ ಕಿವಿ ಚುಚ್ಚೋ ಥರ ಇದ್ರೆ ಮುಂದಿನ ಹಂತ, ಅಲ್ಲಿ 1ಕೆ ಜೊತೆ 0.22 ಮೈಕ್ರೋಫ್ಯಾರಡ್ ಇರ್ಬೇಕು, ಅದೂ 720 ಹರ್ಟ್ಸ್ ಹತ್ರವೇ ಟ್ರೆಬಲ್ ಇಳಿಸೋಕೆ ಶುರು ಮಾಡತ್ತೆ. 224 ಬದಲು 223 ಕೂತ್ರೆ ಆ ಕೆಲಸ 7 ಕಿಲೋಹರ್ಟ್ಸ್ ಆಚೆ ಹೋಗತ್ತೆ, ಗಿಟಾರಿಗೆ ಅಲ್ಲಿ ಉಳಿಯೋದೇ ಕಮ್ಮಿ.

ಡಯೋಡ್ ಕಥೆ ಇನ್ನೂ ಮಜಾ. ಎರಡು ಸಿಲಿಕಾನ್ ಡಯೋಡ್ ಎದುರುಬದುರು ಮುಖ ಹಾಕಿ ಕೂತಿರ್ತವೆ, ಸಿಗ್ನಲ್ 0.6 ವೋಲ್ಟ್ ದಾಟಿದ್ರೆ ಒಂದು ಮೇಲಿನ ತಲೆ ತಟ್ಟತ್ತೆ, ಇನ್ನೊಂದು ಕೆಳಗಿನದು. ಐಸಿಯ ಫೀಡ್‌ಬ್ಯಾಕಲ್ಲಿ (ಔಟ್‌ಪುಟ್ಟಿಂದ ಇನ್‌ಪುಟ್ಟಿಗೆ ವಾಪಸ್ ಬರೋ ದಾರೀಲಿ) ಇರೋದ್ರಿಂದ ಕಚಕ್ ಅಂತ ಕತ್ತರಿಸಲ್ಲ, ಗೇನ್ ಇಳಿಸಿ ನಯವಾಗಿ ಬಗ್ಗಿಸತ್ತೆ. ಎಂಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್, ಪ್ರೋಕೋ ರ್‍ಯಾಟ್ ಥರದವುಗಳಲ್ಲಿ ಡಯೋಡ್ ಐಸಿ ಆದ್ಮೇಲೆ ನೇರ ಗ್ರೌಂಡಿಗೆ ಹೋಗತ್ತೆ, ಅದಕ್ಕೇ ಅವು ಒರಟು. ದೋಷ ಹುಡುಕೋಕೆ ಈ ವ್ಯತ್ಯಾಸ ತುಂಬಾ ಉಪಯೋಗ: ಒಂದು ಡಯೋಡ್ ಶಾರ್ಟ್ ಆದ್ರೆ ರ್‍ಯಾಟ್ ಥರದ್ದು ಹೆಚ್ಚು ಕಮ್ಮಿ ಮೌನ, ಟ್ಯೂಬ್ ಸ್ಕ್ರೀಮರ್ ಥರದ್ದು ಮಾತ್ರ ಪೂರ್ತಿ ಕ್ಲೀನಾಗಿ ಕೇಳತ್ತೆ, ಯಾಕಂದ್ರೆ ಫೀಡ್‌ಬ್ಯಾಕ್ ಶಾರ್ಟ್ ಆದಾಗ ಗೇನ್ ಒಂದೇ ಪಟ್ಟು. ಡ್ರೈವ್ ನಾಬ್ ತಿರುಗಿಸಿದ್ರೂ ಏನೂ ಆಗ್ತಿಲ್ಲ, ಸೌಂಡ್ ಸಣ್ಣಗೆ ಶುದ್ಧವಾಗಿದೆ ಅಂದ್ರೆ ಬೇರೆಲ್ಲೂ ಹೋಗ್ಬೇಡಿ, ಡಯೋಡ್ ನೋಡಿ, ಅಲ್ಲೇ ಸೋಲ್ಡರ್ ಹರಿದು ಎರಡು ಕಾಲು ಕೂಡ್ಕೊಂಡಿದ್ಯಾ ನೋಡಿ.

ಎರಡೂ ಡಯೋಡ್ ಒಂದೇ ಕಡೆ ಮುಖ ಮಾಡಿದ್ರೆ ಅರ್ಧ ಅಲೆ ಮಾತ್ರ ಡಯೋಡಲ್ಲಿ ಕ್ಲಿಪ್ ಆಗತ್ತೆ, ಉಳಿದರ್ಧ ಐಸಿಯ ವೋಲ್ಟೇಜ್ ಮುಗಿಯೋ ತನಕ ಏರಿ ತಲೆ ಚಚ್ಕೊಳ್ಳತ್ತೆ. ವಾಲ್ಯೂಮ್ ಜಾಸ್ತಿ, ಸೌಂಡ್ ಗಡಸು. ಹಾಗಂತ ಎರಡು ಕಡೆ ಸಮ ಇಲ್ಲದಿರೋದೇ ತಪ್ಪಲ್ಲ, ಬಾಸ್ ಕಂಪನಿಯ ಎಸ್‌ಡಿ1 ಪೆಡಲಲ್ಲಿ ಒಂದು ಕಡೆ ಎರಡು ಇನ್ನೊಂದು ಕಡೆ ಒಂದು ಡಯೋಡ್ ಬೇಕಂತಲೇ ಇಟ್ಟಿದಾರೆ. ಪವರ್ ತೆಗೆದು ಮೀಟರನ್ನ ಡಯೋಡ್ ಮೋಡಿಗೆ ಹಾಕಿ ಎರಡೂ ದಿಕ್ಕಲ್ಲಿ ಅಳೀರಿ, ಸರಿ ಇದ್ರೆ ಎರಡು ಕಡೆನೂ 0.6 ಹತ್ರ ಬರತ್ತೆ, ಒಂದು ಕಡೆ ಬರ್ಲಿಲ್ಲ ಅಂದ್ರೆ ಒಂದೋ ಉಲ್ಟಾ ಇದೆ ಇಲ್ಲಾ ಬಿಟ್ಟೋಗಿದೆ. 0.3 ಬಂದ್ರೆ ಯಾರೋ ಜರ್ಮೇನಿಯಂ ಹಾಕಿದಾರೆ, ವಾಲ್ಯೂಮ್ ಕಮ್ಮಿ ಯಾಕೆ ಅನ್ನೋದಕ್ಕೆ ಅದೇ ಉತ್ತರ. ಕೆಂಪು ಎಲ್‌ಇಡಿ ಆದ್ರೆ 1.7 ಹತ್ರ, ಜೋರು, ತೆರೆದ ಸೌಂಡು, ಡ್ರೈವ್ ಕಮ್ಮಿ. ನಂಗೆ ಪರ್ಸನಲ್ಲಾಗಿ ಎಲ್‌ಇಡಿನೇ ಇಷ್ಟ, ಅದು ಬೇರೆ ವಿಷಯ.

ಕೆಪಾಸಿಟರನ್ನ ಬೋರ್ಡಲ್ಲಿ ಇದ್ದಂಗೇ ಅಳೆದ್ರೆ ಸುಳ್ಳು ಹೇಳತ್ತೆ, ಒಂದು ಕಾಲು ಎತ್ತಿ ಅಳೀಬೇಕು. ಇನ್ನೊಂದು, ಪೆಡಲ್ ಆನ್ ಇದ್ದಾಗ ಒಂದು ಮರದ ಕಡ್ಡೀಲಿ ಪಾರ್ಟುಗಳನ್ನ ಮೆಲ್ಲ ತಟ್ಟಿ, ಸ್ಪೀಕರಲ್ಲಿ ಟಕ್ ಟಕ್ ಬಂದ್ರೆ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಇರಬಹುದು, ಸೋಲ್ಡರ್ ಸರಿ ಇದ್ರೆ ಎಕ್ಸ್7ಆರ್ ಜಾತಿ ಸೆರಾಮಿಕ್ ಕೆಪಾಸಿಟರ್. ಅವು ಪೆಟ್ಟಿಗೆ ವೋಲ್ಟೇಜ್ ಹುಟ್ಟಿಸ್ತವೆ, ಸಿಗ್ನಲ್ ದಾರೀಲಿ ಬೇಡ. ಫಿಲ್ಮ್ ಹಾಕಿ, ಪಿಕೋಫ್ಯಾರಡ್ ಸೈಜಿಗೆ ಎನ್‌ಪಿಓ ಸೆರಾಮಿಕ್ ಆದ್ರೆ ಸಾಕು.

ಐಸಿ ಬಗ್ಗೆ ಒಂದು ಮಾತು

ಜೆಆರ್‌ಸಿ4558 ಅಂದ್ರೆ ದೇವರು ಅನ್ನೋರಿದಾರೆ. ಟಿಎಲ್072 ಹಾಕಿ, ಎನ್‌ಇ5532 ಹಾಕಿ, ಕಾಲುಗಳ ಜೋಡಣೆ ಒಂದೇ, ಈ ಸರ್ಕ್ಯೂಟಲ್ಲಿ ವ್ಯತ್ಯಾಸ ಸಣ್ಣದು, ಬ್ಯಾಂಡ್ ಜೊತೆ ಬಾರಿಸೋವಾಗ ಯಾರಿಗೂ ಗೊತ್ತಾಗಲ್ಲ. ಟೆಸ್ಟ್ ಮಾಡೋಕೆ ಬೇಕಿದ್ರೆ ಹಳೇ ಹೋಮ್ ಥಿಯೇಟರ್ ಬೋರ್ಡಲ್ಲಿ 4558 ಸಿಗತ್ತೆ, ಕುಶಾಲನಗರದ ಟಿವಿ ರಿಪೇರಿ ಅಂಗಡೀಲಿ ಕೇಳಿದ್ರೂ ಇರತ್ತೆ, ಮೈಸೂರಿಗೋ ಬೆಂಗಳೂರಿನ ಎಸ್‌ಪಿ ರೋಡಿಗೋ ಹೋಗೋ ಅಗತ್ಯ ಇಲ್ಲ. ರ್‍ಯಾಟ್ ಮಾತ್ರ ಬೇರೆ. ಅದರ ಎಲ್‌ಎಂ308 ನಿಧಾನದ ಐಸಿ, ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ 0.3 ವೋಲ್ಟಷ್ಟೇ ಏರತ್ತೆ, ಗೇನ್ ಏರಿಸಿದಾಗ ಟ್ರೆಬಲ್ ಹಿಂದೆ ಬೀಳೋದು ಅದಕ್ಕೇ, ಅಲ್ಲಿ ವೇಗದ ಐಸಿ ಹಾಕಿದ್ರೆ ಸೌಂಡ್ ಬದಲಾಗತ್ತೆ. ಅದು ಒಂದೇ ಆಂಪ್ ಇರೋ ಐಸಿ, ಅದರ ಸಾಕೆಟ್ಟಿಗೆ 4558 ಚುಚ್ಚೋಕೆ ಹೋಗ್ಬೇಡಿ, ಕಾಲುಗಳೇ ಬೇರೆ.

ಕರಕರ

ಮಳೆಗಾಲದ ದೂರುಗಳಲ್ಲಿ ಇದೇ ನಂಬರ್ ಒನ್. ಪಾಟ್ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಪುಸ್ ಹೊಡೆದು ಹತ್ತಾರು ಸಲ ತಿರುಗಿಸಿ. ಗೇಟಿನ ತುಕ್ಕು ಬಿಡಿಸೋ ಸ್ಪ್ರೇ ಬೇಡ, ಅದರ ಎಣ್ಣೆ ಒಳಗೇ ಉಳಿದು ಧೂಳು ಹಿಡಿಯತ್ತೆ. ಕ್ಲೀನ್ ಆದ್ಮೇಲೂ ಕರಕರ ಹೋಗ್ಲಿಲ್ಲ ಅಂದ್ರೆ, ಪಾಟ್ ಬದಲಾಯಿಸೋಕೆ ಮುಂಚೆ ಅದರ ಮೇಲೆ ಡಿಸಿ ಅಳೀರಿ. ಒಂದು ಕಾಲು ಗ್ರೌಂಡಿಗೆ ಹೋಗೋ ಪಾಟಿನ ಬಾಕಿ ಎರಡು ಕಾಲಲ್ಲೂ ಡಿಸಿ ಸೊನ್ನೆ ಇರ್ಬೇಕು. ಅರ್ಧ ವೋಲ್ಟ್ ಒಂದು ವೋಲ್ಟ್ ಕಂಡ್ರೆ ಅದರ ಹಿಂದಿನ ಕೆಪಾಸಿಟರ್ ಸೋರ್ತಿದೆ, ಎಲೆಕ್ಟ್ರೋಲಿಟಿಕ್ ಆದ್ರೆ ಉಲ್ಟಾ ಕೂತಿರಲೂಬಹುದು. ಹೊಸ ಪಾಟ್ ಹಾಕಿದ್ರೂ ಆ ಕರಕರ ವಾಪಸ್ ಬರತ್ತೆ.

ಬೆಳಿಗ್ಗೆ ಕರಕರ, ಒಲೆ ಹತ್ರ ಇಟ್ಟು ಬೆಚ್ಚಗಾದ್ಮೇಲೆ ಸರಿ ಅಂದ್ರೆ ಬೋರ್ಡ್ ಮೇಲಿನ ಫ್ಲಕ್ಸ್ (ಬೆಸುಗೆ ಹಿಡಿಯೋಕೆ ಹಾಕೋ ಅಂಟು) ನೋಡಿ. ಬೆಸುಗೆ ಹಾಕಿ ಒರೆಸದೇ ಬಿಟ್ಟ ಫ್ಲಕ್ಸ್ ತೇವ ಹೀರ್ಕೊಂಡು 510ಕೆ, 1 ಮೆಗಾ ಇರೋ ಜಾಗದಲ್ಲಿ ತಾನೇ ಒಂದು ರೆಸಿಸ್ಟರ್ ಥರ ಸೋರೋಕೆ ಶುರು ಮಾಡತ್ತೆ. ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಹಳೇ ಟೂತ್‌ಬ್ರಶ್ ಅದ್ದಿ ಉಜ್ಜಿ, ಪೂರ್ತಿ ಒಣಗಿಸಿ, ಆಮೇಲೆ ಪೆಡಲನ್ನ ಸಿಲಿಕಾ ಜೆಲ್ ಜೊತೆ ಡಬ್ಬೀಲಿ ಇಡಿ. ಬ್ಯಾಟರಿ ಒಳಗಿಟ್ಟು ಮಳೆಗಾಲ ಕಳೀಬೇಡಿ.

ಸ್ವಿಚ್ ಒತ್ತಿದಾಗ ಟಪ್ ಅಂದ್ರೆ ಇನ್‌ಪುಟ್ ಔಟ್‌ಪುಟ್ ಎರಡೂ ಕಡೆ ಗ್ರೌಂಡಿಗೆ 1 ಮೆಗಾ ಇದ್ಯಾ ನೋಡಿ, ಇಲ್ಲಾಂದ್ರೆ ಹಾಕಿ. ಹಾಕಿದ್ರೂ ಟಪ್ ಅಂದ್ರೆ ಮತ್ತೆ ಸೋರೋ ಕೆಪಾಸಿಟರೇ.

ಚಳಿಗೆ ಒಂದು ಸೌಂಡು, ಬಿಸಿಲಿಗೆ ಒಂದು

ಜರ್ಮೇನಿಯಂ ಫಜ್ (ಜರ್ಮೇನಿಯಂ ಟ್ರಾನ್ಸಿಸ್ಟರ್ ಇರೋ, ಸೌಂಡ್ ತೀರಾ ಒರಟು ಮಾಡೋ ಪೆಡಲ್) ಇರೋರಿಗೆ ಮಾತ್ರ ಇದು. ಫಜ್ ಫೇಸ್ ಅಂತ ಇಂಗ್ಲೆಂಡಿನ ಆರ್ಬಿಟರ್‌ನವರು 1966ರಲ್ಲಿ ತಂದ್ರಲ್ಲ, ಆ ಸರ್ಕ್ಯೂಟಲ್ಲಿ ಇರೋದು ಎರಡೇ ಟ್ರಾನ್ಸಿಸ್ಟರ್, ಅದಕ್ಕೇ ಒಂದೊಂದು ಪಾರ್ಟೂ ಕಿವಿಗೆ ಬೀಳತ್ತೆ. ಜರ್ಮೇನಿಯಂ ಟ್ರಾನ್ಸಿಸ್ಟರಿನ ಲೀಕೇಜ್ ಕರೆಂಟ್ ಸುಮಾರು 10 ಡಿಗ್ರಿ ಏರಿದ್ರೆ ಎರಡು ಪಟ್ಟಾಗತ್ತೆ. ಹುತ್ತರಿ ಹೊತ್ತಿನ ಮಡಿಕೇರಿ ರಾತ್ರೀಲಿ ಚೆನ್ನಾಗಿ ಹಾಡಿದ ಪೆಡಲ್ ಏಪ್ರಿಲ್ ಮಧ್ಯಾಹ್ನ ಕುಶಾಲನಗರದ ಮದುವೆ ಶಾಮಿಯಾನದ ಕೆಳಗೆ ಪರ್ರ್ ಪರ್ರ್ ಅಂದ್ರೆ ಅದು ಕೆಟ್ಟಿಲ್ಲ, ನಡುವೆ 20 ಡಿಗ್ರಿ ವ್ಯತ್ಯಾಸ ಇದ್ರೆ ಲೀಕೇಜ್ ನಾಲ್ಕು ಪಟ್ಟಾಗಿ ಬಯಾಸ್ ಜಾರಿದೆ ಅಷ್ಟೇ.

ಅಳೆಯೋ ಜಾಗ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್, ಅಲ್ಲಿ ಅರ್ಧ ವೋಲ್ಟೇಜ್, ಅಂದ್ರೆ 4.5 ಹತ್ರ ಇರ್ಬೇಕು. ಮೂಲದಲ್ಲಿ ಅಲ್ಲಿರೋದು 8.2ಕೆ ರೆಸಿಸ್ಟರ್, ಅದನ್ನ ತೆಗೆದು 20ಕೆ ಟ್ರಿಮ್‌ಪಾಟ್ ಹಾಕ್ಕೊಂಡ್ರೆ ಸ್ಕ್ರೂಡ್ರೈವರಲ್ಲಿ ಸರಿ ಮಾಡ್ಕೋಬಹುದು. ಎಲ್ಲಿ ಬಾರಿಸ್ತೀರೋ ಅಲ್ಲೇ, ಪೆಡಲ್ ಅರ್ಧ ಗಂಟೆ ಆ ಜಾಗದ ಬಿಸಿಗೆ ಹೊಂದ್ಕೊಂಡ ಮೇಲೆ ಸೆಟ್ ಮಾಡಿ. ಬೆರಳಲ್ಲಿ ಟ್ರಾನ್ಸಿಸ್ಟರ್ ಹಿಡ್ಕೊಂಡು ಸೆಟ್ ಮಾಡ್ಬೇಡಿ, ಬೆರಳಿನ ಬಿಸಿಗೇ ವೋಲ್ಟೇಜ್ ಓಡತ್ತೆ. ಸೆಟ್ ಆದ್ಮೇಲೂ ತೆಳ್ಳಗೆ ಕೀರಲು ಕೀರಲಾಗಿದ್ರೆ ಅದರ ಮುಂದೆ ಬಫರ್ ಇರೋ ಪೆಡಲ್ ಇದ್ಯಾ ನೋಡಿ, ಫಜ್ ಗಿಟಾರಿನ ಪಿಕಪ್ಪನ್ನೇ ನೇರ ನೋಡ್ಬೇಕು, ಸಾಲಲ್ಲಿ ಮೊದಲು ಇಡಿ. ಹಳೇ ಪಿಎನ್‌ಪಿ ಜರ್ಮೇನಿಯಂದು ಪಾಸಿಟಿವ್ ಗ್ರೌಂಡ್ ಇರತ್ತೆ, ಬಾಕಿ ಪೆಡಲ್ ಜೊತೆ ಒಂದೇ ಡೇಸಿ ಚೈನಲ್ಲಿ ಹಾಕಿದ್ರೆ ಸಪ್ಲೈ ಶಾರ್ಟ್. ಅದಕ್ಕೆ ಬೇರೆಯೇ ಬ್ಯಾಟರಿ ಕೊಡಿ, ಕುಡಿಯೋದು ಒಂದು ಮಿಲಿ ಆಂಪಿಯರ್ ಆಸುಪಾಸು, ಒಂದು 9 ವೋಲ್ಟ್ ಬ್ಯಾಟರಿ ತಿಂಗಳುಗಟ್ಟಲೆ ಬರತ್ತೆ, ಬಾರಿಸಿ ಆದ್ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಟ್ರೆ.